ಹುರಮಂಜು ಬಳಿದ ಬೋಲ್ಟು

ನಮ್ಮ ಮನೆಯಲ್ಲಿ ಏನೇ ಕೆಡಲಿ, ನಾನು ಕೇಳುವ ಪ್ರಶ್ನೆ ಒಂದೇ: "ಕಡೀಕ ಇದಕ್ಕ ಏನ್ ಮಾಡಿದ್ರಿ?" ಕೆಡುವ ಮೊದಲು ಕೊನೆಗೆ ಯಾರು ಏನು ಮಾಡಿದ್ದು ಎಂದು. ಮಿಕ್ಸರ್ ನಿಂತರೂ ಅದೇ, ಗಡಿಯಾರ ನಿಂತರೂ ಅದೇ, ಮನೆಮಂದಿಗೆ ನೆಗಡಿಯಾದರೂ ಅದೇ. ನನ್ನಾಕೆ ಕೇಳಿ ಕೇಳಿ ಬೇಸತ್ತಿದ್ದಾಳೆ. ಮೊನ್ನೆ ಸಾರು ಬಾಯಿಗಿಟ್ಟು ನಾನು ಮುಖ ಕಿವಿಚಿದ್ದೇ ತಡ, "ಉಪ್ಪು ಎರಡ ಸಲ ಬಿದ್ದೈತ್ರಿ, ಮತ್ತೇನೂ ಮಾಡಿಲ್ಲ. ಉಣ್ತೀರೋ ಇಲ್ಲೋ?" ಎಂದು ಸೌಟು ಹಿಡಿದು ನಿಂತಳು. ಉಂಡೆ.

ಅದೇ ವಾರ ಎದುರುಮನೆಯ ಹುಡುಗ ತನ್ನ ಕಾರಿಗೆ ಹೊಸ ಹಾಡಿನ ಪೆಟ್ಟಿಗೆ ಹಾಕಿಸಿಕೊಂಡು ಬಂದ. ಎರಡು ದಿನ ಓಣಿಯ ಕಿಟಕಿಗಳೆಲ್ಲ ನಡುಗಿದವು. ಮೂರನೆಯ ದಿನ ಕಾರೇ ನಡುಗತೊಡಗಿತು. ದೀಪ ಮಿಣುಮಿಣು, ಎಂಜಿನ್ ಮುಕ್ಕರಿಕೆ. ನಾನು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿದೆ. "ಕಡೀಕ ಇದಕ್ಕ ಏನ್ ಮಾಡಿದಿ?" ಎಂದೆ. "ಅಜ್ಜಾರ, ಇದು ಕಂಪ್ಯೂಟರ್ ಗಾಡಿ ಐತ್ರಿ" ಎಂದು ನಕ್ಕು, ದೂಡಿಸಿಕೊಂಡು ಹೋಗಿಬಿಟ್ಟ. ಅವನಿಗೆ ಹೇಳಬೇಕೆಂದಿದ್ದ ಕತೆ ಗಂಟಲಲ್ಲೇ ಉಳಿದಿದೆ. ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನನಗೆ ಇಪ್ಪತ್ತೆರಡು. ಗೊಳಸಂಗಿಯ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಅದೇ ಊರಲ್ಲಿ ನನ್ನ ಸೋದರಮಾವ ಸಂಗಪ್ಪ ಮಾಮಾನ ಮನೆ. ಉಣ್ಣುವುದು ಮಲಗುವುದು ಅಲ್ಲೇ. ಮಾಮಾನಿಗೆ ಕರಿಮಣ್ಣಿನ ಹೊಲವಿತ್ತು, ನಾಲ್ಕು ಎತ್ತುಗಳಿದ್ದವು, ಸೊಲ್ಲಾಪುರದ ಡಾಕ್ಟರರೊಬ್ಬರಿಂದ ಕೊಂಡ ಹಳೆಯ ಕರಿ ಕಾರೊಂದಿತ್ತು. ಯಾರಾದರೂ ಎಷ್ಟು ಎತ್ತು ಎಂದು ಕೇಳಿದರೆ ಮಾಮಾ ಐದು ಎನ್ನುತ್ತಿದ್ದ. ಕಾರಿಗೆ ಬಿಸಿಲು ತಾಗಬಾರದೆಂದು ದನದ ಕೊಟ್ಟಿಗೆಯಲ್ಲೇ ಅದಕ್ಕೊಂದು ಅಂಕಣ ಬಿಡಿಸಿದ್ದ. ಬೆಳಿಗ್ಗೆ ಅದರ ಗಾಜಿನ ಮೇಲೆ ಎಮ್ಮೆಯ ಉಸಿರು ಕೂತಿರುತ್ತಿತ್ತು.

ಮಾಮಾನ ಹೆಂಡತಿ ಗಂಗವ್ವ ಅತ್ತಿ. ಬೆಳಗಿನ ಜಾವ ಆಕೆ ಬೀಸುವ ಕಲ್ಲಿನ ಮುಂದೆ ಕೂತು ಪದ ಎತ್ತಿದಳೆಂದರೆ, ಪಕ್ಕದ ಮನೆಯವರು ತಮ್ಮ ಕಲ್ಲು ನಿಲ್ಲಿಸುತ್ತಿದ್ದರು. ಆ ವರ್ಷ ರೇಡಿಯೋದವರು ಬಾಗೇವಾಡಿಗೆ ಬಂದು, ಹಾಡಬಲ್ಲ ಹೆಣ್ಣುಮಕ್ಕಳನ್ನು ಕೂಡಿಸಿ, ಯಂತ್ರದಲ್ಲಿ ದನಿ ಹಿಡಿದುಕೊಂಡು ಹೋಗಿದ್ದರು. ಅತ್ತಿ ಐದು ನುಡಿಯ ಒಂದು ಪದ ಹಾಡಿ ಬಂದಿದ್ದಳು. ಬೇಸಿಗೆ ಕಳೆಯುವ ಹೊತ್ತಿಗೆ ಕಾರ್ಡು ಬಂತು: ಇಂಥ ದಿನ, ಸಂಜೆ ಆರೂವರೆಗೆ, ನಿಮ್ಮ ಹಾಡು.

ಅತ್ತಿ ಕಾರ್ಡನ್ನು ನನ್ನಿಂದ ಮೂರು ಸಲ ಓದಿಸಿದಳು. ಆಮೇಲೆ ಮಾಮಾನಿಗೆ ಹೇಳಿದಳು: "ಅವತ್ತ ನಾವು ಕನ್ನೊಳ್ಳ್ಯಾಗ ಇರಬೇಕ್ರಿ. ನಮ್ಮವ್ವ ಕೇಳಬೇಕು."

ಕನ್ನೊಳ್ಳಿ, ಸಿಂದಗಿಯ ಆಚೆ, ಆಕೆಯ ತವರು. ತಾಯಿ ನೀಲವ್ವ ಜಾರಿಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹೊರಸಿನ ಮೇಲೆಯೇ ಇದ್ದಳು. ಆ ಪದ ನೀಲವ್ವನದೇ. ಮಗಳಿಗೆ ಕಲ್ಲಿನ ಗೂಟದ ಜೊತೆಗೆ ಹಿಡಿಸಿಕೊಟ್ಟದ್ದು. ಅವರ ಓಣಿಯಲ್ಲಿ ರೇಡಿಯೋ ಇರಲಿಲ್ಲ, ರೇಡಿಯೋ ಇದ್ದಲ್ಲಿಗೆ ಆಕೆಯನ್ನು ಎತ್ತಿಕೊಂಡು ಹೋಗುವಂತಿರಲಿಲ್ಲ. ಮಾಮಾನ ಕಾರಿನಲ್ಲಿ ಒಂದು ರೇಡಿಯೋ ಇತ್ತು ನಿಜ. ಆದರೆ ಅದು ಮಾತಾಡುವುದು ಕಿವಿ ಹಚ್ಚಿದವನಿಗೆ ಮಾತ್ರ.

"ಓಣಿಗೆ ಓಣೀನ ಕೇಳಬೇಕು, ಅಂಥಾದ್ದ ಹಾಕಿಸ್ತೇನಿ" ಎಂದು ಮಾಮಾ ಮೀಸೆ ಮುಟ್ಟಿಕೊಂಡ. ವಿಜಾಪುರದಿಂದ ರೇಡಿಯೋ ಕೆಲಸದವನೊಬ್ಬ ಬಂದು ಹಳೆಯ ಸೆಟ್ಟು ಕಿತ್ತು, ಗಾಜಿನ ಬುರುಡೆಯಂಥ ದೊಡ್ಡ ದೊಡ್ಡ ವಾಲ್ವುಗಳ ಹೊಸ ಸೆಟ್ಟು ಕೂಡಿಸಿದ. ಹಿಂದಿನ ಸೀಟಿನ ಬೆನ್ನಿಗೆ ಮೊರದಷ್ಟು ಅಗಲದ ಸ್ಪೀಕರು. ಗುಂಡಿ ತಿರುವಿದಾಗ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಮಾಮಾನಿಗೆ ಸ್ವರ್ಗ ಮೂರೇ ಗೇಣು. ಹೋಗುವಾಗ ಆ ಮನುಷ್ಯ, "ಇದು ಕರೆಂಟ್ ಭಾಳ ಉಣ್ತೈತ್ರಿ ಗೌಡ್ರ, ನೆನಪಿರಲಿ" ಎಂದು ಹೇಳಿಹೋದ. ಯಾರೂ ನೆನಪಿಡಲಿಲ್ಲ.

ಎರಡು ದಿನಕ್ಕೆ ಕಾರಹುಣ್ಣಿಮೆ. ನಮ್ಮ ಕಡೆಯ ಕಾರಹುಣ್ಣಿಮೆ ನಿಮಗೆ ಗೊತ್ತಿದ್ದೀತು: ಎತ್ತುಗಳ ಮೈ ತೊಳೆದು, ಕೊಂಬು ಹೆರೆದು, ವಾರ್ನಿಷಿನಲ್ಲಿ ಹುರಮಂಜಿನ ಕೆಂಪು ಪುಡಿ ಕಲಸಿ ಕೊಂಬಿಗೆ ಬಳಿಯುತ್ತಾರೆ. ಮಾಮಾನ ಮನೆಯಲ್ಲಿ ಇನ್ನೂ ಒಂದು ಪದ್ಧತಿ. ಎಳೆಯುವುದೆಲ್ಲದಕ್ಕೂ ಆ ದಿನ ಬಣ್ಣ. ನೊಗಕ್ಕೆ, ಬಂಡಿಯ ಮೂಕಿಗೆ, ಬಾವಿಯ ಗಾಲಿಗೆ. ಕಾರೂ ಎಳೆಯುತ್ತದಲ್ಲ, ಅದಕ್ಕೂ. "ಎತ್ತಿಂದು ನಾ ನೋಡ್ಕೋತೇನಿ, ಐದನೇದು ನಿನ್ನ ಪಾಲು, ಮಾಸ್ತರ" ಎಂದು ಮಾಮಾ ಡಬ್ಬಿ ಕುಂಚ ನನ್ನ ಕೈಗೆ ಕೊಟ್ಟ.

ಕೊಡಬಾರದಿತ್ತು. ನಾನು ಆ ತಿಂಗಳಷ್ಟೇ ಐದನೆಯ ಇಯತ್ತೆಗೆ ತುಕ್ಕಿನ ಪಾಠ ಮಾಡಿದ್ದೆ. ತುಕ್ಕು ಕಬ್ಬಿಣದ ಕ್ಷಯರೋಗ, ಬಣ್ಣವೇ ಅದಕ್ಕೆ ಮದ್ದು ಎಂದು ಮೇಜು ಗುದ್ದಿ ಹೇಳಿದ್ದೆ. ಮುಂದಿನ ಬಂಪರಿಗೆ ಬಳಿದೆ. ಸರಿ, ಅಲ್ಲಿಗೆ ನಿಲ್ಲಬೇಕಲ್ಲ? ಬಾನೆಟ್ಟು ಎತ್ತಿ ನೋಡಿದೆ. ಎಂಜಿನ್ನಿನಿಂದ ಕಾರಿನ ಮೈಗೆ, ಜಡೆಯಂತೆ ಹೆಣೆದ ಒಂದು ಚಪ್ಪಟೆ ತಂತಿ, ಅದರ ತುದಿಗೊಂದು ಬೋಲ್ಟು, ಬೋಲ್ಟಿನ ಸುತ್ತ ತುಕ್ಕು. ನನ್ನೊಳಗಿನ ವಿಜ್ಞಾನಿ ಜಿಗಿದೆದ್ದ. ಬೋಲ್ಟು ಬಿಚ್ಚಿದೆ. ಅದು ಕೂರುವ ಜಾಗಕ್ಕೆ, ತಂತಿಯ ತುದಿಗೆ, ಬೋಲ್ಟಿನ ಹಲ್ಲಿಗೆ, ಎಲ್ಲಕ್ಕೂ ಎರಡೆರಡು ಕೈ ಹುರಮಂಜು ಬಳಿದು, ಒಣಗಿಸಿ, ಬಿಗಿದೆ. ನೋಡಲು ಎಷ್ಟು ಚೆಂದವಿತ್ತೆಂದರೆ, ಬಾನೆಟ್ಟು ಮುಚ್ಚಲು ಮನಸ್ಸು ಬರಲಿಲ್ಲ.

ಹಾಡಿನ ದಿನ ಉಂಡು ಹೊರಟೆವು. ಮುಂದೆ ಮಾಮಾ ಮತ್ತು ನಾನು. ಹಿಂದೆ ಸ್ಪೀಕರಿಗೆ ಬೆನ್ನು ಹಚ್ಚಿ ಅತ್ತಿ, ತೊಡೆಯ ಮೇಲೆ ಅವ್ವನಿಗೆಂದು ಕಟ್ಟಿದ ಹೋಳಿಗೆಯ ಗಂಟು. ಕಾರು ಶುರುವಾಗುವಾಗಲೇ ನರಳಿತು. ಬಾಗೇವಾಡಿಯ ಪೇಟೆಯಲ್ಲಿ ನಾಲ್ಕು ಜನ ನೋಡಲೆಂದು ಮಾಮಾ ರೇಡಿಯೋ ಹಚ್ಚಿದ. ಅದು ಎರಡು ಮಾತಾಡುವಷ್ಟರಲ್ಲಿ ಎಂಜಿನ್ ಕೆಮ್ಮಿತು. ಆರಿಸಿದ, ಕೆಮ್ಮು ಕಡಿಮೆಯಾಯಿತು. ಮತ್ತೆ ಹಚ್ಚಿದ, ಮತ್ತೆ ಕೆಮ್ಮು. ಇನ್ನೇನು ಬೇಕು?

"ಈ ರೇಡಿಯೋನ ಗಾಡಿ ಜೀವಾ ಹೀರಾಕತ್ತೈತಿ" ಎಂದ ಮಾಮಾ. ಇಡೀ ಹಾದಿ ಅದೇ ಮಾತು. ವಿಜಾಪುರದ ಆ ಪಾಪದ ಮನುಷ್ಯನ ಮೂರು ತಲೆಮಾರಿಗೆ ಬೈದ. ನಾನೂ ಹೂಂಗುಟ್ಟಿದೆ. ಮಾಸ್ತರನಲ್ಲವೆ, ವಾಲ್ವು ಎಂದರೇನು ಎಂದು ಉಪನ್ಯಾಸವನ್ನೂ ಕೊಟ್ಟೆ.

ದೇವರ ಹಿಪ್ಪರಗಿ ಮುಟ್ಟುವ ಹೊತ್ತಿಗೆ ಮೂರು ಗಂಟೆ. ಅವತ್ತು ಅಲ್ಲಿ ಸಂತೆ. ತೊಗರಿಯ ಚೀಲ, ಮೆಣಸಿನಕಾಯಿ, ಬಳೆಯ ಮಲಾರ, ಎಲ್ಲದರ ನಟ್ಟನಡುವೆ ನಮ್ಮ ಐದನೆಯ ಎತ್ತು ಕಾಲು ಮಡಚಿ ಕೂತಿತು. ಮಾಮಾ ಚೋಕಿನ ಗುಬ್ಬಿ ಎಳೆದು ಸ್ಟಾರ್ಟರ್ ಒತ್ತಿದ. ಎಂಜಿನ್ "ಗುರ್ರ್" ಎಂದು ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ. "ಅಯ್ಯಯ್ಯಪ್ಪೋ!" ಎಂದು ಕೈ ಕೊಡವಿದ. ಚೋಕಿನ ಗುಬ್ಬಿ ಬೆಂಕಿಯಾಗಿತ್ತು, ಅದರ ಹಿಂದಿನಿಂದ ಸಣ್ಣಗೆ ಹೊಗೆ.

ಮಾಮಾನ ಸಿಟ್ಟು ನೆತ್ತಿಗೇರಿತು. "ಭಾಳ ಆತು. ಈ ರೇಡಿಯೋ ತಂತಿ ಕಿತ್ತ ಒಗೀತೇನಿ. ಗಾಡಿ ಉಳದ್ರ ಸಾಕು, ಕನ್ನೊಳ್ಳಿ ಮುಟ್ಟೂಣು."

"ರೇಡಿಯೋ ಇಲ್ದ ಮುಟ್ಟಿ ಏನ್ ಮಾಡೂದೈತ್ರಿ?" ಎಂದಳು ಅತ್ತಿ.

"ನೀನ ಹಾಡ. ನಿಮ್ಮವ್ವನ ಮುಂದ ಕುಂತು ನೀನ ಹಾಡಿಬಿಡ. ರೇಡಿಯೋದಾಗ ಇರಾಕಿ ನೀನ ಹೌದಲ್ಲ?"

ಅತ್ತಿ ಹೋಳಿಗೆಯ ಗಂಟಿನ ಮೇಲೆ ಕೈಯಾಡಿಸಿದಳು. "ನಾ ಹಾಡೂದನ್ನ ಅಕಿ ನಾ ಸಣ್ಣಾಕಿ ಇದ್ದಾಗಿಂದ ಕೇಳ್ಯಾಳ್ರಿ" ಎಂದಳು. "ಆ ಪದಾ ಊರೂರು ಕೇಳಾಕತ್ತೈತಿ ಅನ್ನೂದು ಅಕಿ ಕೇಳಿಲ್ಲ. ಅಕಿ ಜೀವಮಾನ ಎಲ್ಲಾ ಗ್ವಾಡಿಗೆ ಹಾಡ್ಯಾಳ. ಒಂದ ಸಲ ಅಕಿಗೆ ಗೊತ್ತಾಗಲಿ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮಾನ ಕೈ ರೇಡಿಯೋದ ತಂತಿಯ ಮೇಲೆ ಹಾಗೇ ನಿಂತಿತು.

ಮೆಣಸಿನಕಾಯಿ ಮಾರುತ್ತಿದ್ದವಳು ಹೇಳಿದಳು: "ದಸ್ತಗೀರಸಾಬನ್ನ ಕರೀರಿ. ಖರೆ, ಒದರಿ ಮಾತಾಡ್ರಿ, ಕಿವಿ ಇಲ್ಲ."

ದಸ್ತಗೀರಸಾಬ ಮಿಸ್ತ್ರಿ ಹಿಪ್ಪರಗಿಯ ಹಿಟ್ಟಿನ ಗಿರಣಿಯ ಎಂಜಿನ್ನಿನ ಪಕ್ಕದಲ್ಲೇ ಮೂವತ್ತು ವರ್ಷ ಕಳೆದ ಮನುಷ್ಯ. ಅದರ ಸದ್ದಿನಲ್ಲೇ ಕಿವಿ ಹೋಗಿತ್ತು. ಹುಬ್ಬಿನ ಮೇಲೆ ಕೂಡ ಜೋಳದ ಹಿಟ್ಟು. ಬಂದವನು ಬಾನೆಟ್ಟನ್ನೇ ಎತ್ತಲಿಲ್ಲ! ಬೋಲ್ಟು ತಿರುವುವ ಪಾನಾ ಹಿಡಿಯಲಿಲ್ಲ. ಕಾರಿನ ಬದಿಗೆ ಕುಕ್ಕರುಗಾಲಲ್ಲಿ ಕೂತು, ನಮ್ಮ ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದ: "ಗಾಡಿ ಬರೋಬರಿ ಇದ್ದದ್ದು ಯಾವಾಗ? ಅಲ್ಲಿಂದ ಈಚೀಕ ಯಾರ್ಯಾರು ಏನೇನ್ ಮಾಡಿದ್ರಿ? ಒಬ್ಬೊಬ್ಬರ ಹೇಳ್ರಿ. ಬಿಡಬ್ಯಾಡ್ರಿ."

ಮಾಮಾ ಒದರಿದ: "ರೇಡಿಯೋ ಹಾಕಿಸೇನಿ! ದೊಡ್ಡದು!"

"ಮತ್ತ?"

"ಮತ್ತೇನಿಲ್ಲ!"

ಮಿಸ್ತ್ರಿ ಸುಮ್ಮನೆ ನೋಡುತ್ತ ಕೂತ. ಕಿವಿ ಕೇಳದವರ ನೋಟ ಬಹಳ ಕೆಟ್ಟದ್ದು, ಒಳಗಿರುವುದೆಲ್ಲ ಕಂಡುಬಿಟ್ಟಂತಿರುತ್ತದೆ. ಮಾಮಾ ತಲೆ ಕೆರೆದುಕೊಂಡು, ಎರಡು ಸಂಜೆ ಕೊಟ್ಟಿಗೆಯಲ್ಲಿ ಎಂಜಿನ್ ಬಂದ್ ಇಟ್ಟೇ ರೇಡಿಯೋ ಕೇಳಿದ್ದಾಗಿ ಒಪ್ಪಿಕೊಂಡ. ಅತ್ತಿ, ಇವತ್ತು ಸಂಜೆ ತನ್ನ ಹಾಡು ಬರುತ್ತದೆಂದು ರೇಡಿಯೋಕ್ಕೆ ಆರತಿ ಎತ್ತಿದ್ದಾಗಿಯೂ ಗುಂಡಿಯ ಮೇಲೆ ಎರಡು ಹನಿ ಎಣ್ಣೆ ಬಿದ್ದದ್ದಾಗಿಯೂ ಹೇಳಿದಳು. ಮಿಸ್ತ್ರಿ ಎಲ್ಲಕ್ಕೂ ತಲೆದೂಗಿ ಒಂದೊಂದೇ ಬೆರಳು ಮಡಚಿದ. ಆಮೇಲೆ ನನ್ನ ಕಡೆ ತಿರುಗಿದ.

ಅಲ್ಲಿಯವರೆಗೂ ನಾನು ಬಣ್ಣದ ಬಗ್ಗೆ ಯೋಚಿಸಿಯೇ ಇರಲಿಲ್ಲ ಎಂದರೆ ಸುಳ್ಳಾದೀತು. ಚೋಕು ಹೊಗೆಯಾಡಿದಾಗ ಒಮ್ಮೆ ಯೋಚಿಸಿದ್ದೆ, ಬೇಗನೆ ಬೇರೆ ಕಡೆ ನೋಡಿದ್ದೆ. ಈಗ ಮಿಸ್ತ್ರಿಯ ಕಿವಿಯ ಹತ್ತಿರ ಬಗ್ಗಿ, ಮಾಮಾನಿಗೆ ಕೇಳದಂತೆ ಪಿಸುಗುಟ್ಟಿದೆ: "ಸ್ವಲ್ಪ ಬಣ್ಣ ಹಚ್ಚೇನ್ರಿ."

"ಆಂ?"

"ಬಣ್ಣ ಹಚ್ಚೇನ್ರಿ."

"ಜೋರ ಹೇಳ್ರಿ ಮಾಸ್ತರ, ಕಿವಿ ಇಲ್ಲ!"

"ಬಣ್ಣಾ ಹಚ್ಚೇನಿ! ಎಂಜಿನ್ ಬೋಲ್ಟಿಗೆ! ಒಳಗ ಹೊರಗ! ಎರಡೆರಡ ಕೈ!"

ಬಳೆಗಾರ ಬಳೆ ಏರಿಸುವುದನ್ನು ನಿಲ್ಲಿಸಿ ನೋಡಿದ. "ಯಾಕ ಹಚ್ಚಿದಿರಿ?" ಎಂದು ಮಿಸ್ತ್ರಿ ಕೇಳಿದ. "ತುಕ್ಕ ಹಿಡೀಬಾರದಂತ! ಕಾರಹುಣ್ಣಿವಿಗೆ!" ಎಂದು ಒದರಿದೆ. ಯಾರೋ ಕಿಸಕ್ಕೆಂದರು. ಆಮೇಲೆ ಸಂತೆಗೆ ಸಂತೆಯೇ ನಕ್ಕಿತು. ಮಾಮಾ ಬಾಯಿ ತೆರೆದವನು ಮುಚ್ಚಲೇ ಇಲ್ಲ. ಆ ಕ್ಷಣ ನೆನೆದರೆ ನನ್ನ ಕಿವಿ ಇವತ್ತಿಗೂ ಬಿಸಿಯಾಗುತ್ತದೆ.

ನಗದವನು ದಸ್ತಗೀರಸಾಬ ಒಬ್ಬನೇ. ಎದ್ದು ನನ್ನ ಬೆನ್ನು ತಟ್ಟಿದ. "ಶಾಬಾಸ್ ಮಾಸ್ತರ. ಅರ್ಧಾ ಕೆಲಸ ನೀವ ಮಾಡಿದ್ರಿ" ಎಂದ. ಅಪಹಾಸ್ಯವೇನೋ ಎಂದು ಮುಖ ನೋಡಿದೆ. ಅಲ್ಲ, ಮನಸಾರೆ ಹೇಳಿದ್ದ.

ಆಗ ಬಾನೆಟ್ಟು ಎತ್ತಿದ. ಮುಂಗೈಯ ಹಿಂಬದಿಯಿಂದ ಚೋಕಿನ ತಂತಿ ಮುಟ್ಟಿ ನೋಡಿ, ಮಾಮಾನಿಗೆ ವಿವರಿಸತೊಡಗಿದ. ಕಿವಿ ಕೇಳದವನಾದ್ದರಿಂದ ಅವನದೂ ದೊಡ್ಡ ದನಿಯೇ; ಸಂತೆಗೆಲ್ಲ ಪಾಠವಾಯಿತು. "ಗೌಡ್ರ, ಕರೆಂಟ್ ಬ್ಯಾಟ್ರೀಲಿಂದ ಹೋದ್ರ ಸಾಲೂದಿಲ್ಲ, ತಿರಿಗಿ ಬ್ಯಾಟ್ರಿಗೆ ಬರಬೇಕು. ಬರೂ ಹಾದಿ ಈ ಜಡಿ ತಂತಿ. ಮಾಸ್ತರು ಹಾದಿಗೆ ಅಡ್ಡ ಗ್ವಾಡಿ ಕಟ್ಯಾರ. ದೊಡ್ಡ ಹಾದಿ ಬಂದಾದ್ರ ಜನಾ ಸಂದ್ಯಾಗ ನುಗ್ತಾರಿಲ್ಲೋ? ಹಂಗ ಅದು ಈ ಚೋಕಿನ ತಂತ್ಯಾಗ ನುಗ್ಗೈತಿ. ಸಣ್ಣ ಸಂದಿ, ದೊಡ್ಡ ಜಾತ್ರಿ. ಅದಕ್ಕ ಕಾದೈತಿ. ಬ್ಯಾಟ್ರಿ ತುಂಬವಲ್ದು, ಕಿಡಿ ಹುಟ್ಟವಲ್ದು. ಬ್ಯಾಟ್ರ್ಯಾಗ ಉಳದದ್ದನ್ನ ರೇಡಿಯೋ ಉಣ್ಣಾಕ ಹೋತು, ನೀವು ಅದರ ಮ್ಯಾಲ ಹಾಕಿದ್ರಿ. ರೇಡಿಯೋದ್ದು ಏನೂ ತಪ್ಪಿಲ್ಲ."

ಇಷ್ಟು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿದೆ, ಇದಕ್ಕಿಂತ ಚೆನ್ನಾಗಿ ಒಮ್ಮೆಯೂ ಹೇಳಲಾಗಲಿಲ್ಲ.

ಅವನು ಬೋಲ್ಟು ಬಿಚ್ಚಿ, ನನ್ನ ಚೆಂದದ ಹುರಮಂಜನ್ನು ಕಾನಸಿನಿಂದ ಕೆರೆದು ಕೆರೆದು, ಕೆಳಗಿನ ಕಬ್ಬಿಣ ಹೊಸ ರೂಪಾಯಿಯಂತೆ ಹೊಳೆಯುವವರೆಗೂ ಬಿಡಲಿಲ್ಲ. ಬಿಗಿದ ಮೇಲೆ ಮಾಮಾನಿಗೆ ಹ್ಯಾಂಡಲ್ ಹೊಡೆಯಲು ಹೇಳಿ, ತಾನು ಒಂದು ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಅದರ ತುದಿಯನ್ನು ಎಂಜಿನ್ನಿಗೆ ಆನಿಸಿದ. ಕಿವಿ ಕೇಳದಿದ್ದರೇನು, ಹಲ್ಲು, ದವಡೆಯ ಎಲುಬಿನ ಮೂಲಕ ಎಂಜಿನ್ನಿನ ಸದ್ದು ಅವನ ತಲೆಗೆ ಮುಟ್ಟುತ್ತಿತ್ತು. ಕಣ್ಣು ಮುಚ್ಚಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತುದಿ ಸರಿಸುತ್ತ, ಎಂಜಿನ್ನಿನ ಒಂದೊಂದೇ ಮಾತು ಕೇಳಿದ. ಎಂಥೆಂಥ ಪಂಡಿತರನ್ನು ನಾನು ಆಮೇಲೆ ನೋಡಿದ್ದೇನೆ. ಹಾಗೆ ಕಿವಿಗೊಟ್ಟು ಕೇಳಿದವರನ್ನು ನೋಡಿಲ್ಲ.

"ಹಾಡಿನ ಹೊತ್ತ ಎಷ್ಟಕ್ಕ?" ಎಂದು ಕೇಳಿದ. ಅತ್ತಿ ಆರು ಬೆರಳು ತೋರಿಸಿ, ಏಳನೆಯದನ್ನು ಅರ್ಧ ಮಡಚಿದಳು. ಮಿಸ್ತ್ರಿ ಬಿಸಿಲು ನೋಡಿದ, ಗಿರಣಿಯ ಕಡೆ ನೋಡಿದ, ಹುಬ್ಬಿನ ಹಿಟ್ಟು ಒರೆಸಿಕೊಂಡ. "ಬ್ಯಾಟ್ರಿ ಭಾಳ ಸೋತೈತಿ. ನಾನೂ ಬರ್ತೇನಿ, ಸರೀರಿ" ಎಂದು ಹಿಂದಿನ ಬಾಗಿಲು ತೆಗೆದು ಸ್ಪೀಕರಿನ ಪಕ್ಕ ಕೂತ. ಯಾರೂ ಅವನನ್ನು ಬಾ ಎಂದಿರಲಿಲ್ಲ.

ಸಿಂದಗಿ ದಾಟಿ ಕನ್ನೊಳ್ಳಿ ಮುಟ್ಟಿದಾಗ ಆರು ಗಂಟೆ ದಾಟಿತ್ತು. ನಾಲ್ಕು ಜನ ನೀಲವ್ವನ ಹೊರಸನ್ನು ಎತ್ತಿ ತಂದು ಕಾರಿನ ಬಾಗಿಲಿಗೆ ಹಚ್ಚಿ ಇಟ್ಟರು. ಓಣಿಗೆ ಓಣಿಯೇ ಕೂಡಿತ್ತು. ಮಾಮಾ ರೇಡಿಯೋ ಹಚ್ಚಿದ. ಕಟಕಟ, ಪಟಪಟ! ಎಂಜಿನ್ನಿನ ಒಂದೊಂದು ಕಿಡಿಯೂ ರೇಡಿಯೋದಲ್ಲಿ ಹುರಿಗಡಲೆಯಂತೆ ಸಿಡಿಯುತ್ತಿತ್ತು, ಮಾತು ಒಂದೂ ತಿಳಿಯುತ್ತಿರಲಿಲ್ಲ. ಮಿಸ್ತ್ರಿ ನಮ್ಮ ಮುಖ ನೋಡಿ ಅರ್ಥ ಮಾಡಿಕೊಂಡ.

"ಎಂಜಿನ್ ಬಂದ್ ಮಾಡ್ರಿ ಗೌಡ್ರ."

"ಬ್ಯಾಟ್ರಿ ಪೂರಾ ಇಳೀತೈತಿ! ನಾಳಿಗಿ ಗಾಡಿ ಏಳೂದಿಲ್ಲ!" ಎಂದು ಮಾಮಾ ಒದರಿದ.

"ಗಾಡಿ ನಾಳಿಗಿ ಎತ್ತ ಹೂಡಿ ಎಳಕೊಂಡ ಹೋಗೂಣ್ರಿ. ಹಾಡ ನಾಳಿಗಿ ಬರೂದಿಲ್ಲ."

ಮಾಮಾ ಎಂಜಿನ್ ಆರಿಸಿದ. ನಾಲ್ಕು ಎತ್ತಿನ ಮುಂದೆ ಐದನೆಯದನ್ನು ಮೆರೆಸಿದ ಆ ಮನುಷ್ಯ ತನ್ನ ಕೈಯಾರೆ ಆರಿಸಿದ.

ಆಗ ಬಂತು. ಮೊದಲು ಯಾರೋ ಅತ್ತಿಯ ಹೆಸರು ಹೇಳಿದರು, ಊರು ಹೇಳಿದರು. ಆಮೇಲೆ ಆಕೆಯ ದನಿ. ದಸ್ತಗೀರಸಾಬ ಸ್ಕ್ರೂಡ್ರೈವರ್ ಕಚ್ಚಿಕೊಂಡು ಅದರ ತುದಿಯನ್ನು ಸ್ಪೀಕರಿನ ಹಲಗೆಗೆ ಆನಿಸಿ ಕಣ್ಣು ಮುಚ್ಚಿದ. ನೀಲವ್ವ ಆಕಾಶ ನೋಡುತ್ತ ಮಲಗಿದ್ದಳು. ಎರಡನೆಯ ನುಡಿಗೆ ಆಕೆಯ ಅಂಗೈ ಹೊರಸಿನ ಕಟ್ಟಿಗೆಯ ಮೇಲೆ ತಾಳ ಹಾಕತೊಡಗಿತು, ಬೀಸುವ ಕಲ್ಲಿನ ತಾಳ. ಅತ್ತಿ ಅವ್ವನ ಕಾಲ ಬಳಿ ಮಗುವಿನಂತೆ ಮುದುಡಿ ಕೂತಿದ್ದಳು.

ನಾಲ್ಕನೆಯ ನುಡಿಯಲ್ಲಿ ದನಿ ಸಣ್ಣಗಾಯಿತು. ರೇಡಿಯೋದ ದೀಪ ಕೆಂಪಗಾಗಿ, ಮಂಕಾಗಿ, ನಂದಿತು. ದನಿ ನಿಂತಿತು. ಇನ್ನೂ ಒಂದೂವರೆ ನುಡಿ ಉಳಿದಿತ್ತು. ನನಗೆ ಹುರಮಂಜಿನ ಡಬ್ಬಿಯಲ್ಲಿ ತಲೆ ಅದ್ದಿಕೊಂಡು ಸಾಯೋಣವೆನ್ನಿಸಿತು.

ಮಿಸ್ತ್ರಿ ಕಣ್ಣು ತೆರೆದ. ಅವನ ಮುಖ ಬಾಡಿಹೋಗಿತ್ತು. ಸ್ಕ್ರೂಡ್ರೈವರ್ ಬಾಯಿಂದ ತೆಗೆದು, "ಬಂದಾತಲ್ರಿ..." ಎಂದ.

"ಯಾಕ ಅಂಜಿ ಹಾಡಿದಿ, ಗಂಗೀ?" ಎಂದಳು ನೀಲವ್ವ ಆಕಾಶ ನೋಡುತ್ತಲೇ. "ಊರೂರು ಕೇಳಾಕತ್ತಿತ್ತಲ್ಲ, ಬಾಯಿ ಬಿಚ್ಚಿ ಹಾಡಬೇಕಿಲ್ಲ?" ತಾಳ ಹಾಕುತ್ತಿದ್ದ ಕೈ ನಿಂತೇ ಇರಲಿಲ್ಲ. ರೇಡಿಯೋ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಆಕೆ ಎತ್ತಿಕೊಂಡಳು. ಎರಡು ವರ್ಷ ಹೊರಸು ಹಿಡಿದ ಮುದುಕಿಯ ದನಿಯಾಗಿರಲಿಲ್ಲ ಅದು. ಅತ್ತಿ ಅಳುತ್ತ ಅಳುತ್ತ ಕೂಡಿಕೊಂಡಳು, ಆಮೇಲೆ ಓಣಿಯ ಹೆಂಗಸರು.

ಪಾಪ, ಮಿಸ್ತ್ರಿಗೆ ಏನೂ ಕೇಳಿಸಿರಲಿಲ್ಲ. ಬಾನೆಟ್ಟಿನ ಕಡೆ ಓಡುತ್ತಿದ್ದ. ಮಾಮಾ ಅವನ ರಟ್ಟೆ ಹಿಡಿದು ನಿಲ್ಲಿಸಿ, ಸ್ಕ್ರೂಡ್ರೈವರಿನ ತುದಿಯನ್ನು ನೀಲವ್ವನ ಹೊರಸಿನ ಕಟ್ಟಿಗೆಗೆ ಮುಟ್ಟಿಸಿದ. ದಸ್ತಗೀರಸಾಬ ಬಗ್ಗಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿದ, ಕಣ್ಣು ಮುಚ್ಚಿದ. ಕೊನೆಯ ನುಡಿ ಮುಗಿಯುವವರೆಗೂ ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ಬಾಯಿಂದ ತೆಗೆದು, ಹಿಟ್ಟು ಮೆತ್ತಿದ ಮುಖವೆಲ್ಲ ನಗುತ್ತ, ಓಣಿಗೆಲ್ಲ ಕೇಳುವಂತೆ ಹೇಳಿದ:

"ಈ ಬ್ಯಾಟ್ರಿಗೆ ನನ್ನ ಕೈ ಬೇಕಿಲ್ರಿ, ಗೌಡ್ರ."

ಮರುದಿನ ಕನ್ನೊಳ್ಳಿಯ, ಕೆಂಪು ಕೊಂಬಿನ ಎರಡು ಎತ್ತುಗಳು ಕೆಂಪು ಬಂಪರಿನ ನಮ್ಮ ಕಾರನ್ನು ಬ್ಯಾಟರಿ ತುಂಬಿಸಲೆಂದು ಸಿಂದಗಿಯವರೆಗೆ ಎಳೆದುಕೊಂಡು ಹೋದವು. ಮಾಮಾ ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ, ಮಿಸ್ತ್ರಿ ಪಕ್ಕದಲ್ಲಿ. ನಾನು ಹಗ್ಗ ಹಿಡಿದು ಎತ್ತಿನ ಮುಂದೆ ನಡೆದೆ. ಹಾಗೆ ನಡೆಯುವುದು ನನ್ನ ಪಾಲಿಗೆ ಬಂದದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ.